ತೂಗುಮಂಚದ ಬಿಲ್ಲೆಗಳು

ಮಾಗಿಯ ಚಳಿ. ಬೆಳಕು ಹರಿದು, ಇನ್ನೂ ಬಿಸಿಲು ಬೀಳದ ಹೊತ್ತು. ನಮ್ಮಲ್ಲಿ ಅದು ಉಂಕಿ ಹಾಸುವ ಸಮಯ. ಸೀರೆ ನೇಯಲು ಬೇಕಾದ ಉದ್ದನೆಯ ಎಳೆಗಳನ್ನು ಓಣಿಯ ಈ ತುದಿಯಿಂದ ಆ ತುದಿಗೆ ಬಿಗಿದು, ಗಂಜಿ ಸವರಿ, ಬಿಸಿಲೇರುವುದರೊಳಗೆ ಸುತ್ತಿಬಿಡಬೇಕು. ಅದಕ್ಕಾಗಿಯೇ ಹಿಂದಿನವರು ಈ ಓಣಿಯನ್ನು ಒಂದು ಕಡೆಯೂ ಬಾಗದ ಹಾಗೆ ನೆಟ್ಟಗೆ ಕಟ್ಟಿದ್ದರು. ನಮ್ಮ ಮನೆ ಒಂದು ತುದಿಗೆ, ಓಣಿಯ ಬಾಯಿಗೆ ಎದುರಾಗಿ. ಬಾಗಿಲಲ್ಲಿ ಕೂತರೆ ಆ ತುದಿಯಲ್ಲಿ ಯಾರು ನಿಂತಿದ್ದಾರೆ ಎಂಬುದು ಕಾಣುತ್ತದೆ. ಹಾಲಗುಡ್ಡದಲ್ಲಿ ಉಂಕಿ ಓಣಿ ಎಂದರೆ ಯಾರಾದರೂ ತೋರಿಸುತ್ತಾರೆ.

ಆ ಮುಂಜಾನೆ ಹಾಸಿದ ಎಳೆಗಳ ಮುಂದೆ ಒಂದು ಜೀಪು ಬಂದು ನಿಂತಿತು. ಇಳಿದವರು ಮನೆಮನೆಗೆ ಬಿಲ್ಲೆ ಹಂಚಿದರು. ಹಳೇ ರೂಪಾಯಿಯಷ್ಟು ಅಗಲ, ಕರಿ ಬಣ್ಣ, ಕೊರಳಿಗೆ ಹಾಕಿಕೊಳ್ಳಲು ದಾರ. ಬಿಲ್ಲೆಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಐದು ದೀಪ. ಅಂದು ಒಂದು ದೀಪ ಹೊತ್ತಿತ್ತು, ನಾಲ್ಕು ಕುರುಡಾಗಿದ್ದವು.

ಗೂರುಜ್ವರ ಬಂದು ಆಗಲೇ ಎರಡನೆಯ ವರ್ಷ. ಎದೆ ಗೊರ್ ಗೊರ್ ಎನ್ನುತ್ತ ಉಸಿರು ಸಿಕ್ಕಿ ಸಾಯುವ ಜ್ವರ ಅದು. ಬಿಲ್ಲೆ ಬರುವ ಮುಂಚೆ ಎರಡು ಸಲ ಊರಿಗೆ ಊರೇ ಬಾಗಿಲು ಹಾಕಿಸಿದ್ದರು. ಮಗ್ಗ ನಿಂತವು, ಒಲೆ ನಿಂತವು. ಮೂರನೆಯ ಸಲ ಬಾಗಿಲು ಹಾಕಿ ಎಂದರೆ ಕಲ್ಲು ಬೀಳುತ್ತಿದ್ದವು. ಅಂಥ ಹೊತ್ತಿನಲ್ಲಿ ಮೇಧಾ ಕಟ್ಟಿ ಎಂಬ ಹುಡುಗಿ ಬಂದಳು. ಧಾರವಾಡದ ಕಡೆಯವಳು, ಗಣಿತ ಓದಿದವಳು. ಮುಚ್ಚಿಹೋಗಿದ್ದ ಟಾಕೀಸಿನಲ್ಲಿ ಅವಳ ಪಾಲುಕೇಂದ್ರ ತೆರೆಯಿತು. ಬಿಲ್ಲೆ ಹಂಚಿದ ವಾರದಲ್ಲೇ ಓಣಿಗೆ ಇಷ್ಟು ಮಂದಿ ಎಂದು ನಮ್ಮನ್ನು ಅಲ್ಲಿಗೆ ಕರೆಸಿ, ಕುರ್ಚಿ ಬಿಟ್ಟು ಕುರ್ಚಿಗೆ ಕೂಡಿಸಿದರು.

"ಒಬ್ಬ ರೋಗಿ ಗುಣ ಆಗೂದ್ರಾಗ ಎಷ್ಟ ಮಂದಿಗೆ ರೋಗ ಹಚ್ಚತಾನ, ನೋಡೂದು ಅದೊಂದ," ಎಂದಳು ಆಕೆ, ಪರದೆಯ ಮುಂದೆ ನಿಂತು. "ಇಬ್ಬರಿಗೆ ಹಚ್ಚಿದ್ರ ಅವರು ನಾಲ್ವರಿಗೆ, ಅವರು ಎಂಟ ಮಂದಿಗೆ. ಒಬ್ಬರಿಗಿಂತ ಕಡಿಮಿ ಬಿದ್ರ ರೋಗ ತಾನ ಆರತೈತಿ. ಎಷ್ಟ ಮಂದಿಗೆ ಹಚ್ಚತಾನ ಅನ್ನೂದು ಎಷ್ಟ ಮಂದೀನ ಭೇಟಿ ಆಗತಾನ, ಎಷ್ಟ ಹೊತ್ತು ಕೂಡತಾನ ಅನ್ನೂದರ ಮ್ಯಾಲ ಐತಿ. ಹಂಗಾಗಿ ಎಲ್ಲಾರೂ ಮನ್ಯಾಗ ಕೊಳೀಬೇಕಾಗಿಲ್ಲ. ಊರು ತಿಂಗಳಿಗೆ ಇಷ್ಟ ಭೇಟಿ ತಾಳಕೋತೈತಿ ಅಂತ ಲೆಕ್ಕ ಐತಿ. ಅದನ್ನ ಮನಿಮನಿಗೆ ಪಾಲು ಹಾಕೇವಿ."

ಹಿಂದಿನಿಂದ ಕಸ್ತೂರೆವ್ವ ಎದ್ದಳು. ನನ್ನ ಬಾಜೂ ಮನೆಯವಳು. ಅವಳ ಬಾಯಿಗೆ ಓಣಿಯೇ ಹೆದರುತ್ತಿತ್ತು.

"ಅಂದ್ರ ಬಾಯಾರ, ಮಾತಿಗೂ ರೇಷನ್ ಕಾರ್ಡ್ ಬಂತು ಅನ್ರಿ."

"ಹೂಂನ್ರಿ, ಹಂಗ ತಿಳೀರಿ."

"ಗಂಡನ ಮಾರಿ ದಿನಾ ನೋಡತೀನಿ. ಅದನ್ನೂ ಹಿಡೀತೀರೇನು?"

"ಮನಿಯವರದು ಹಿಡಿಯಂಗಿಲ್ಲ."

"ಹಿಡದಿದ್ರ ಚಲೋ ಆಗತಿತ್ತು. ಆ ನೆವದಾಗರ ಅಂವನ್ನ ಹೊರಗ ಹಾಕತಿದ್ದೆ."

ಟಾಕೀಸು ನಕ್ಕಿತು. ಮೇಧಾ ಕೂಡ ನಕ್ಕಳು. ಆಮೇಲೆ ಉಳಿದದ್ದನ್ನು ಹೇಳಿದಳು. ಬಿಲ್ಲೆಯ ಹತ್ತಿರ ಬಿಲ್ಲೆ ಬಂದು ಸ್ವಲ್ಪ ಹೊತ್ತು ಇದ್ದರೆ ಅದು ಒಂದು ಭೇಟಿ. ಭೇಟಿ ಕಡಿಮೆ ಮಾಡಿದರೆ ಪಾಲು ಉಳಿಯುತ್ತದೆ, ಉಳಿದ ಹಾಗೆ ದೀಪ ಹೊತ್ತುತ್ತವೆ. ಮಗ್ಗಕ್ಕೆ ರಜೆ ಇರುವ ದಿನ ಎಲ್ಲರಿಗೂ ನೆನಪಿರುತ್ತದೆ ಎಂದು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಲೆಕ್ಕ ಮಾಡುತ್ತೇವೆ. ಯಾವುದೇ ಓಣಿ ಮಿತಿ ಮೀರಿದರೆ ಅದರ ಬಾಯಲ್ಲಿರುವ ಕಂಬದ ದೀಪ ಕೆಂಪಾಗುತ್ತದೆ. ಆಗ ಹಗ್ಗ ಕಟ್ಟಿ ಓಣಿ ಮುಚ್ಚುತ್ತೇವೆ. ಬಿಲ್ಲೆ ಬಿಟ್ಟು ತಿರುಗಿದವರ ಮಗ್ಗಕ್ಕೆ ಮೊಹರು ಬೀಳುತ್ತದೆ. ಬಿಲ್ಲೆಯನ್ನು ಗೋಡೆಯ ಮಾಡದಲ್ಲಿಟ್ಟು ಹೋಗುವ ಆಟವೂ ನಡೆಯದು. ಹಗಲು ಹೊತ್ತು ಅಲುಗಾಡದೆ ಬಿದ್ದ ಬಿಲ್ಲೆ ಕಿರುಚಿಕೊಳ್ಳುತ್ತದೆ. ಹಾಸಿಗೆ ಹಿಡಿದವರಿಗೆ ಮಾತ್ರ ಬಿಲ್ಲೆ ಇಲ್ಲ.

"ಐದೂ ದೀಪ ಹತ್ತಿದ್ರ ಏನ್ ಸಿಗತೈತ್ರಿ?" ಎಂದು ನಾನು ಕೇಳಿದೆ. ಅಷ್ಟು ಮಂದಿಯ ನಡುವೆ ನಾನು ಬಾಯಿ ತೆರೆದದ್ದು ಅದೊಂದೇ.

"ಹೊರಗಿನ ಊರಿಂದ ಒಬ್ಬರನ್ನ ಕರಸಬಹುದ್ರಿ. ಎಂಟ ದಿನ ಇಟಗೋಬಹುದು."

ನನಗೆ ಬೇಕಾದದ್ದು ಅಷ್ಟೇ.

ನನ್ನ ತಮ್ಮ ಕುಬೇರಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸತ್ತಿದ್ದವು, ಬಾಯಿ ಎಡಕ್ಕೆ ಸೊಟ್ಟಾಗಿತ್ತು, ಮಾತು ಹೋಗಿತ್ತು. ನೆಲದ ಮೇಲೆ ಮಲಗಿಸಿದರೆ ಹಗಲೆಲ್ಲ ಒದರುತ್ತಿದ್ದ. ಕಡೆಗೆ ಅವನೇ ಕೂತು ನೇಯುತ್ತಿದ್ದ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಮೇಲಿನ ತೊಲೆಗೆ ಹಗ್ಗ ಬಿಗಿದು ಮಂಚ ತೂಗುಹಾಕಿಸಿದೆ. ತೂಗಿದರೆ ಸುಮ್ಮನಾಗುತ್ತಿದ್ದ. ಮಂಚಕ್ಕೊಂದು ದಾರ ಕಟ್ಟಿ ಅದರ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿ ರಾಟೆ ತಿರುವುತ್ತ ಕೂಡುತ್ತಿದ್ದೆ. ಓಣಿಯ ನೇಕಾರರಿಗೆ ನೂಲು ಸುತ್ತಿಕೊಡುವುದು ನನ್ನ ಹೊಟ್ಟೆಪಾಡು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು ನಾನು. ಬಂದ ವರ್ಷವೇ ಅವನ ಹೆಂಡತಿ ಹೋದಳು. ಅವರ ಮಗಳು ಸುಗಲಾಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ನಾನೇ.

ಸುಗಲಾ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಕಾರ್ಖಾನೆಗೆ ಹೋಗುತ್ತಿದ್ದಳು. ಜ್ವರ ಬಂದಾಗಿನಿಂದ ಅವಳಿಗೆ ಊರು ಮುಟ್ಟಲಾಗಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದದ್ದನ್ನೂ ಅವಳು ಫೋನಿನಲ್ಲೇ ಕೇಳಿದ್ದು. ಸಂಜೆ ಅವಳು ಮಾತಾಡಿದರೆ ಕುಬೇರ ಫೋನು ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದ. "ಸು," ಎನ್ನುತ್ತಿದ್ದ. ಅವನ ಬಾಯಲ್ಲಿ ಉಳಿದಿದ್ದ ಮಾತು ಅದೊಂದೇ.

"ಅತ್ತೀ, ಅಪ್ಪ ಹೆಂಗದಾನು?"

"ನೀ ಬರೂತನಕಾ ಇರತಾನ. ನಾ ಪಾಲು ಉಳಸಾಕತ್ತೀನಿ."

ಉಳಿಸಿದೆ. ನೀರಿಗೆ ಎಲ್ಲರೂ ಹೋಗಿ ಬಂದ ಮೇಲೆ ಒಬ್ಬಳೇ ಹೋದೆ. ಸಂತೆಗೆ ಹೋಗಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ, ಯಾರಿಂದಲೂ ಎಳ್ಳು ಈಸಿಕೊಳ್ಳಲಿಲ್ಲ. ನೂಲಿನ ಲಡಿಗಳನ್ನು ಕಟ್ಟೆಯ ಮೇಲಿಟ್ಟು ಹೋಗಿ ಎಂದೆ. "ನೀಲವ್ವ ಭಾಳ ಶಾಣ್ಯಾಕಿ ಆಗ್ಯಾಳ, ಮಂದಿ ನೆಳ್ಳೂ ಬ್ಯಾಡ ಅಂತಾಳ," ಎಂದು ಆಡಿಕೊಂಡರು. ಅಂದುಕೊಳ್ಳಲಿ ಎಂದು ಬಿಟ್ಟೆ. ಶಿವರಾತ್ರಿ ಅಮಾವಾಸ್ಯೆಗೆ ನನ್ನ ಬಿಲ್ಲೆಯಲ್ಲಿ ನಾಲ್ಕು ದೀಪ ಹೊತ್ತಿದ್ದವು. ಇನ್ನೊಂದು ಹೊತ್ತಿದರೆ ಸುಗಲಾ ಬರಬಹುದು. ಯುಗಾದಿಗೆ ಬರುತ್ತೇನೆಂದು ಅವಳು ಕಾರ್ಖಾನೆಯಲ್ಲಿ ರಜೆಯನ್ನೂ ಹೇಳಿಟ್ಟಳು.

ಶಿವರಾತ್ರಿ ಮುಗಿದು ಹತ್ತು ದಿನವಾಗಿತ್ತು. ಕಸ್ತೂರೆವ್ವ ಹೊಸ್ತಿಲಿಗೆ ಬಂದು ನಿಂತಳು. ಅವಳ ಕಣ್ಣು ಮಂಚದ ಮೇಲಿತ್ತು.

"ಯಕ್ಕಾ, ಹಗಲೆಲ್ಲಾ ಹಿಂಗ ತೂಗತೀಯಲಾ?"

"ಹೂಂ."

"ಅಗಸಿ ಓಣ್ಯಾಗ ನಮ್ಮ ತಂಗಿ ಮಗಳ ಕೂಸಿನ್ನ ತೊಟ್ಟಲದಾಗ ಹಾಕೂದೈತಿ. ನಮ್ಮ ಪಾಲು ಮುಗದೈತಿ. ಈ ಬಿಲ್ಲೇನ ಮಂಚದ ಹಗ್ಗಕ್ಕ ಕಟ್ಟಿ ಹೋಗತೀನಿ. ತೂಗಾಡಿದ್ರ ಕಿರಚಂಗಿಲ್ಲ."

"ನನ್ನ ಲೆಕ್ಕಕ್ಕ ಬಂದೀತು."

"ಹೆಂಗ ಬರತೈತಿ? ಬಿಲ್ಲೆ ಬಿಲ್ಲೆ ಕೂಡಿದ್ರ ಭೇಟಿ. ಕುಬೇರಣ್ಣಗ ಬಿಲ್ಲೇನ ಇಲ್ಲ. ನೀ ರಾಟಿ ತಗೊಂಡು ಬಾಗಲದಾಗ ಕೂಡು, ದಾರಾ ಉದ್ದ ಮಾಡು. ಮುಗೀತು."

ಕೇಳಿದರೆ ಸರಿ ಎನ್ನಿಸುವ ಮಾತು. ಆದರೂ ನಾನು ತಲೆ ಅಲ್ಲಾಡಿಸಿದೆ. ಅವಳು ಸುಮ್ಮನೆ ಹೋದಳು. ಸ್ವಲ್ಪ ಹೊತ್ತಿಗೆ ಪರಸಪ್ಪ ಸಾವಕಾರ ಬಂದ. ಓಣಿಗೆಲ್ಲ ನೂಲು ಕೊಡುವವನು, ನನಗೂ ಸುತ್ತುವ ಕೆಲಸ ಕೊಡುವವನು. ಅವನು ಹೊಸ್ತಿಲಾಚೆ ನಿಂತೇ ಮಾತಾಡಿದ.

"ನೀಲವ್ವಾ, ಓಣ್ಯಾಗ ಇದ್ದ ಮ್ಯಾಲ ಒಬ್ಬರಿಗೊಬ್ಬರು ಆಗಬೇಕು. ಕಸ್ತೂರೀದು ಕಟಗೋ. ನಂದೂ ಒಂದ ಇರಲಿ. ನೂಲು ಸುತ್ತೂ ಮಂದಿ ಬ್ಯಾರೆ ಓಣ್ಯಾಗೂ ಅದಾರ, ನಾ ಏನ ಹೇಳಿಲ್ಲ ಮತ್ತ."

ಹೇಳಿಲ್ಲ ಎನ್ನುತ್ತಲೇ ಹೇಳಿದ್ದ. ಕಟ್ಟಿಸಿಕೊಂಡೆ.

ಎರಡು ಇದ್ದದ್ದು ವಾರ ಕಳೆಯುವುದರೊಳಗೆ ಇಪ್ಪತ್ತರ ಮೇಲಾದವು. ಬೆಳಿಗ್ಗೆ ಒಬ್ಬೊಬ್ಬರೇ ಬಂದು ಮಂಚದ ಹಗ್ಗಕ್ಕೆ ಬಿಲ್ಲೆ ಸಿಕ್ಕಿಸಿ ಹೋಗುತ್ತಿದ್ದರು, ಸಂಜೆ ಬಂದು ಬಿಡಿಸಿಕೊಳ್ಳುತ್ತಿದ್ದರು. ಬಂದವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಹಾಸಿಗೆ ಹಿಡಿದವನ ಮನೆ, ವಾಸನೆ ಇರುತ್ತದೆ. ಒಬ್ಬರೂ ತಗ್ಗಿ ಅವನ ಮುಖ ನೋಡಲಿಲ್ಲ, ಊಟವಾಯಿತೇ ಎಂದು ಕೇಳಲಿಲ್ಲ. ಕೆಮ್ಮುತ್ತ ಬಂದವರೂ ಇದ್ದರು. ಕುಬೇರ ಮಾತ್ರ ಹೆಜ್ಜೆ ಸಪ್ಪಳವಾದಾಗಲೆಲ್ಲ ಬಾಗಿಲ ಕಡೆ ತಿರುಗಿ "ಸು" ಎನ್ನುತ್ತಿದ್ದ. ಮಂಚ ತೂಗಿದ ಹಾಗೆ ಬಿಲ್ಲೆಗಳು ಒಂದಕ್ಕೊಂದು ಬಡಿದು ಕಿಣಿಕಿಣಿ ಎನ್ನುತ್ತಿದ್ದವು. ನಾನು ಬಾಗಿಲಲ್ಲಿ ಕೂತು ಉದ್ದನೆಯ ದಾರ ಎಳೆಯುತ್ತಿದ್ದೆ.

ಯುಗಾದಿ ಅಮಾವಾಸ್ಯೆಯ ಸಂಜೆ ಬಿಲ್ಲೆಗಳು ಲೆಕ್ಕ ಮಾಡಿಕೊಂಡವು. ನಾನು ದೀಪ ಹಚ್ಚಿಟ್ಟು, ಕೈ ತೊಳೆದುಕೊಂಡು ನೋಡಿದೆ. ಐದೂ ಕುರುಡಾಗಿದ್ದವು. ಹೊರಗೆ ಗದ್ದಲ ಕೇಳಿ ತಲೆಯೆತ್ತಿದರೆ ಓಣಿಯ ಬಾಯಲ್ಲಿ ಕಂಬದ ದೀಪ ಕೆಂಪಾಗಿತ್ತು. ಹತ್ತಿರ ಹೋದೆ, ಕಂಬದ ಫಲಕದಲ್ಲಿ ಅಕ್ಷರ ಹರಿದಾಡುತ್ತಿದ್ದವು. ಮೂರನೆಯ ಇಯತ್ತೆಯ ಓದು ನನ್ನದು, ಆದರೂ ನನ್ನ ಹೆಸರು ಓದಬಲ್ಲೆ. ಮಿತಿ ಮೀರಿದ ಮನೆ ನೀಲವ್ವನದು ಎಂದಿತ್ತು.

ಮರುದಿನ ಹಬ್ಬ. ಹಗ್ಗ ಕಟ್ಟಿದ್ದರು, ನೂಲಿನ ಗಾಡಿ ಒಳಗೆ ಬರಲಿಲ್ಲ. ಹಿಂದಿನ ಸಂಜೆಯೇ ಬಂದು ಎಲ್ಲರೂ ತಮ್ಮತಮ್ಮ ಬಿಲ್ಲೆ ಬಿಡಿಸಿಕೊಂಡು ಹೋಗಿದ್ದರು. ಬೇವು-ಬೆಲ್ಲ ಕೊಡಲು ಯಾರೂ ಬರಲಿಲ್ಲ. ಮಧ್ಯಾಹ್ನ ಕಸ್ತೂರೆವ್ವ ತನ್ನ ಕಟ್ಟೆಯ ಮೇಲೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಶುರು ಮಾಡಿದಳು.

"ಹಬ್ಬದ ದಿನ ಓಣಿಗೆ ಕೆಂಪ ಬಡಿಸಿದ್ಳು ನಮ್ಮವ್ವ. ಉಣ್ಣಾಕ ಕುಂತ್ರ ಗಂಟಲಾಗ ಇಳೀವಲ್ದು."

"ನನ್ನ ಮನ್ಯಾಗ ಯಾರ ಬಿಲ್ಲೆ ಇದ್ದವು ಕಸ್ತೂರಿ?" ಎಂದೆ.

"ಯಾವ ಬಿಲ್ಲೆ? ತಮ್ಮನ ಕೂಡ ನಿನಗೂ ಲಕ್ವಾ ಹೊಡೀತೇನು? ನಮ್ಮ ಬಿಲ್ಲೆ ನಮ್ಮ ಕೊರಳಾಗ ಅದಾವ, ನೋಡು."

ಎತ್ತಿ ತೋರಿಸಿದಳು. ಇಡೀ ಓಣಿ ನೋಡುತ್ತಿತ್ತು. ಸಂಜೆ ನನ್ನ ಬಾಗಿಲಿಗೆ ಸಗಣಿ ನೀರು ಬಿತ್ತು. ಯಾರ ಕೊಡದ್ದೆಂದು ನಾನು ಹೋಗಿ ಕೇಳಲಿಲ್ಲ. ಕೊಡ ಯಾರದ್ದೆಂದು ನೋಡಿದ್ದೆ.

ಹಬ್ಬದ ಮೂರನೆಯ ದಿನ ಟಾಕೀಸಿಗೆ ಕರೆ ಬಂತು. ಕುಬೇರನಿಗೆ ಮುಂಜಾನೆಯಿಂದ ಮೈ ಬೆಚ್ಚಗಿತ್ತು. ಗಂಜಿ ಕುಡಿಸಿ, ಬಾಗಿಲು ಮುಂದಕ್ಕೆಳೆದು ಹೋದೆ. ಕುರ್ಚಿಗಳನ್ನೆಲ್ಲ ಕಿತ್ತಿದ್ದರು. ಎಲ್ಲಿ ನೋಡಿದರೂ ತಂತಿ, ಪೆಟ್ಟಿಗೆ. ಪರದೆಯ ಮೇಲೆ ಊರು ಮೂಡಿತ್ತು: ಓಣಿಗಳೆಲ್ಲ ಬಿಳಿ ಗೆರೆ, ಜನರೆಲ್ಲ ಹಳದಿ ಚುಕ್ಕೆ. ನಮ್ಮ ಓಣಿಯ ತುದಿಯಲ್ಲಿ ಮಾತ್ರ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಒಂದು ಗುಂಪು.

"ಇದು ನಿಮ್ಮ ಮನಿ," ಎಂದಳು ಮೇಧಾ. ಅವಳ ಹಿಂದೆ ಒಬ್ಬ ಸಾಹೇಬರು ಕೈ ಕಟ್ಟಿ ನಿಂತಿದ್ದರು. "ದಿನಾ ಇಷ್ಟ ಮಂದಿ ಬಂದು ಏನ್ ಮಾಡತಾರ್ರಿ ನಿಮ್ಮ ಮನ್ಯಾಗ?"

"ಮಂದಿ ಬರಂಗಿಲ್ಲ. ಬಿಲ್ಲೆ ಬರತಾವು."

"ನೀವು ಬಾಗಲದಾಗ, ಅವು ಒಳಗ. ಆದ್ರೂ ಒಂದ ಮನಿ ಗ್ವಾಡಿಯೊಳಗ ಇದ್ರ ಯಂತ್ರಾ ಅದನ್ನ ಭೇಟಿ ಅಂತ ಹಿಡೀತೈತಿ, ಮನಿಯವರ ಪಾಲಿನಾಗ ಮುರೀತೈತಿ."

"ಅದನ್ನ ಅವತ್ತ ಹೇಳಬೇಕಿತ್ತು."

ಅವಳು ಏನನ್ನೋ ಒತ್ತಿದಳು. ನಮ್ಮ ಮನೆಯ ಗುಂಪು ಪರದೆ ತುಂಬ ದೊಡ್ಡದಾಯಿತು. ಇನ್ನೊಂದು ಒತ್ತಿದಳು. ಕಳೆದ ತಿಂಗಳ ಒಂದು ದಿನ ಪರದೆಯ ಮೇಲೆ ನಡೆಯತೊಡಗಿತು. ಚುಕ್ಕೆಗಳೆಲ್ಲ ಒಟ್ಟಿಗೆ ಆ ಕಡೆ ಹೋದವು, ಒಟ್ಟಿಗೆ ಈ ಕಡೆ ಬಂದವು. ಮತ್ತೆ ಆ ಕಡೆ, ಮತ್ತೆ ಈ ಕಡೆ. ಒಂದು ಚುಕ್ಕೆಯೂ ಹಿಂದೆ ಬೀಳಲಿಲ್ಲ. ಅದು ನನ್ನ ಹೆಬ್ಬೆರಳಿನ ಎಳೆತ. ನಡುವೆ ಒಮ್ಮೆ ಎಲ್ಲವೂ ನಿಧಾನವಾದವು. ನಾನು ನೂಲು ಕಡಿದು ಗಂಟು ಹಾಕಿದ ಹೊತ್ತಿರಬೇಕು.

ಮೇಧಾ ಪರದೆಯನ್ನೇ ನೋಡುತ್ತ ನಿಂತಳು.

"ಸರ್, ಇವು ಮನಷ್ಯಾರಲ್ಲ. ಮನಷ್ಯಾರು ಹಿಂಗ ಅಲಗಾಡಂಗಿಲ್ಲ."

"ಕಾಣತೈತಿ," ಎಂದರು ಸಾಹೇಬರು. "ಮುಂದ?"

"ಈ ಬಿಲ್ಲೆಗಳ ಲೆಕ್ಕಾ ಸುಳ್ಳು ಅಂತ ತಗದ ಹಾಕಬೇಕು."

"ತಗದ ಮ್ಯಾಲ ಆ ಇಪ್ಪತ್ತ ಮಂದಿ ಎಲ್ಲಿದ್ರು, ಯಾರನ್ನ ಭೇಟಿ ಆದ್ರು, ನಿನಗ ಗೊತ್ತದೇನು?"

"ಇಲ್ಲ."

"ಒಂದ ಓಣ್ಯಾಗ ಇಷ್ಟ ಸುಳ್ಳು ಅಂದ್ರ ಉಳದ ಓಣ್ಯಾಗ ಎಷ್ಟು ಅಂತ ಮ್ಯಾಲಿನವರು ಕೇಳತಾರ. ಆಮ್ಯಾಲ ನಿನ್ನ ಲೆಕ್ಕಾ ನಿಲ್ಲಂಗಿಲ್ಲ. ಊರ ಪೂರಾ ಮುಚ್ಚಬೇಕಾಗತೈತಿ. ಒಂದ ಮನಿ ಪಾಲು ಹೋದ್ರ ಹೋಗಲಿ."

ನಾನು ಎದುರಿಗೇ ನಿಂತಿದ್ದೆ. ಅಲ್ಲಿ ಬಿದ್ದಿದ್ದ ತಂತಿಯ ಉಂಡೆಗೆ ಕೊಡುವಷ್ಟು ಲಕ್ಷ್ಯವನ್ನೂ ಅವರು ನನಗೆ ಕೊಡಲಿಲ್ಲ.

ಮೇಧಾ ನನ್ನನ್ನು ಹೊರಬಾಗಿಲವರೆಗೆ ಕಳಿಸಲು ಬಂದಳು. "ಒಂದ ದಾರಿ ಐತ್ರಿ. ನಾವು ಅಲ್ಲಿ ಇರಲಿಲ್ಲ ಅಂತ ಅವರ ಬಾಯಿಂದ ಬರಬೇಕು. ಬಂದ್ರ ಆ ಭೇಟಿಗಳನ್ನ ಅವರ ಪಾಲಿನಾಗ ಮುರಕೊಂಡು ನಿಮ್ಮದನ್ನ ತಿರುಗಿ ಕೊಡಬಹುದು. ನಾಳೆ ಓಣಿಗೆ ಬರತೀನಿ."

ಬಂದಳು. ಕೆಂಪು ದೀಪವಿದ್ದರೆ ಗುಂಪು ಕೂಡುವಂತಿಲ್ಲ, ಎಲ್ಲರೂ ತಮ್ಮತಮ್ಮ ಹೊಸ್ತಿಲಲ್ಲಿ ನಿಂತರು. ಓಣಿಯ ನಡುವೆ ಅವಳೊಬ್ಬಳು, ಕೈಯಲ್ಲಿ ಮಾತು ಹಿಡಿದಿಡುವ ಯಂತ್ರ. ನಾನು ಬಾಗಿಲಲ್ಲಿ ಕೂತೇ ಮಂಚ ತೂಗುತ್ತಿದ್ದೆ. ಒಳಗೆ ಕುಬೇರನ ಎದೆಯ ಗೊರ್ ಗೊರ್ ಸದ್ದು ಆಗಲೇ ಶುರುವಾಗಿತ್ತು, ಮಂಚದ ಸಪ್ಪಳದಲ್ಲಿ ಅದು ನನ್ನ ಹೊರತು ಯಾರಿಗೂ ಕೇಳುತ್ತಿರಲಿಲ್ಲ.

"ಹೋದ ತಿಂಗಳು ನಿಮ್ಮ ಬಿಲ್ಲೆ ಎಲ್ಲಾ ಹಗಲೆಲ್ಲಾ ನೀಲವ್ವನ ಮನ್ಯಾಗ ಇದ್ದವು. ನೀವು ಅಲ್ಲೇ ಇದ್ರೇನು, ಇಲ್ಲಾ ಬಿಲ್ಲೆ ಅಷ್ಟ ಇತ್ತೇನು?"

ಬಿಲ್ಲೆ ಬಿಟ್ಟು ತಿರುಗಿದವರ ಮಗ್ಗಕ್ಕೆ ಮೊಹರು ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪರಸಪ್ಪ ಸಾವಕಾರ ಗಂಟಲು ಸರಿಮಾಡಿಕೊಂಡ.

"ಅಲ್ಲೇ ಇದ್ವಿ ಬಾಯಾರ. ಜಡ್ಡಿನ ಮನಷ್ಯಾ. ನೋಡಾಕ ಹೋಗಬಾರದೇನು?"

"ದಿನಾ?"

"ದಿನಾ. ನಮ್ಮ ಓಣಿ ಹಂಗ ಐತ್ರಿ. ಒಬ್ಬರ ಜಡ್ಡು ಎಲ್ಲಾರ ಜಡ್ಡು."

ಆಮೇಲೆ ಎಲ್ಲರ ಬಾಯಿ ಬಿಚ್ಚಿತು. ಒಬ್ಬ ಕಾಲು ಒತ್ತುತ್ತಿದ್ದೆ ಎಂದ. ಇನ್ನೊಬ್ಬಳು ಬೀಸಣಿಕೆ ಬೀಸುತ್ತಿದ್ದೆ ಎಂದಳು. "ನಾ ಅಂತೂ ನನ್ನ ಕೈಯಾರೆ ಕುಬೇರಣ್ಣಗ ಗಂಜಿ ಕುಡಸತಿದ್ದೆ," ಎಂದಳು ಕಸ್ತೂರೆವ್ವ, ಸೆರಗಿನಿಂದ ಕಣ್ಣು ಬೇರೆ ಒತ್ತಿಕೊಂಡಳು.

"ಬಿಲ್ಲೆ ಎಲ್ಲಾ ಕೂಡೇ ತೂಗಾಡ್ಯಾವಲ್ರಿ?" ಎಂದಳು ಮೇಧಾ.

"ಮಂಚದ ಮ್ಯಾಲ ಕುಂತು ನಾವೂ ತೂಗಾಡತಿದ್ವಿ," ಎಂದ ಪರಸಪ್ಪ. ಓಣಿ ನಕ್ಕಿತು.

ನಾನು ದಾರ ಎಳೆಯುವುದು ನಿಲ್ಲಿಸಿದೆ.

"ಕಸ್ತೂರಿ, ಕುಬೇರನ ಬಾಯಿ ಯಾವ ಕಡೆ ಸೊಟ್ಟ ಆಗೈತಿ?"

ನಗು ನಿಂತಿತು. ಅವಳು ಆ ಕಡೆ ಈ ಕಡೆ ನೋಡಿದಳು. ಯಾರೂ ನೆರವಿಗೆ ಬರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

"ಬಲಕ್ಕ," ಎಂದಳು.

ಮೇಧಾ ಓಣಿಗೆ ಬಂದ ಕೂಡಲೇ ನನ್ನ ಬಾಗಿಲಿಗೆ ಬಂದು ಮಂಚದ ಕಡೆ ಬಗ್ಗಿ ನೋಡಿದ್ದಳು, ಅವಳಿಗೆ ಗೊತ್ತಿತ್ತು. ಆದರೆ ಸಾವಕಾರ ಬಿಡಲಿಲ್ಲ. "ಬಾಯಿ ನೋಡಾಕ ಹೋಗಿದ್ವೇನ್ರಿ? ಮನಷ್ಯಾನ್ನ ನೋಡಾಕ ಹೋಗಿದ್ವಿ. ಬರಕೋರಿ. ಇಷ್ಟೂ ಮಂದಿ ಅಲ್ಲೇ ಕುಂತಿದ್ವಿ."

ಯಂತ್ರ ಅದನ್ನು ಹಿಡಿದುಕೊಂಡಿತು. ಮೇಧಾ ಅದನ್ನು ಚೀಲಕ್ಕೆ ಹಾಕಿಕೊಂಡು ಹಗ್ಗದಾಚೆ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಆ ಸಂಜೆ ನಾನೇ ಅವಳಿಗೆ ಫೋನು ಮಾಡಿದೆ. ಬೇಡುವುದು ನನಗೆ ಬಾರದ ಕೆಲಸ, ಆದರೂ ಬೇಡಿದೆ. "ತಂಗೀ, ಇಂವ ಉಳಿಯಂಗಿಲ್ಲ. ಐದ ದೀಪ ಹಚ್ಚು. ನಿನ್ನ ಕೈಯಾಗ ಐತಿ. ಹುಡುಗಿ ಬಂದು ಮಾರಿ ನೋಡಿ ಹೋಗಲಿ."

"ಅಮ್ಮಾ, ಒಂದ ಮನಿಗೆ ಸುಳ್ಳು ಕೂಡಿಸಿದ್ರ ನನ್ನ ಲೆಕ್ಕಾನ ಸುಳ್ಳ ಆಗತೈತ್ರಿ," ಎಂದಳು.

ಇಪ್ಪತ್ತು ಸುಳ್ಳನ್ನು ನುಂಗಿ ಅರಗಿಸಿಕೊಂಡಿದ್ದ ಲೆಕ್ಕಕ್ಕೆ ಇನ್ನೊಂದು ಭಾರವಾಯಿತು. ಅವಳನ್ನು ಒಳ್ಳೆಯವಳು ಎನ್ನುವವರು ಇದ್ದಾರೆ. ಇರಲಿ. ಊರಿನಲ್ಲಿ ಅವಳಿಂದ ಬದುಕಿದವರೂ ಇರಬಹುದು. ನಾನು ಮತ್ತೆ ಅವಳಿಗೆ ಫೋನು ಮಾಡಲಿಲ್ಲ.

ಸುಗಲಾ ಅನುಮತಿಯಿಲ್ಲದೆಯೇ ಹೊರಟು ಬಂದಳು. ಯಾವ ಲಾರಿ, ಯಾವ ಗಾಡಿ ಹತ್ತಿ ಬಂದಳೋ ಅವಳಿಗೇ ಗೊತ್ತು. ಬುಧವಾರ ಮುಂಜಾನೆ, ಬಿಸಿಲು ಬೀಳುವ ಹೊತ್ತಿಗೆ, ಓಣಿಯ ಬಾಯಲ್ಲಿ ಹಗ್ಗದ ಆಚೆ ನಿಂತು ಕೂಗಿದಳು. "ಅತ್ತೀ." ಕಾವಲಿನವರು ಅವಳ ಎರಡೂ ಮಗ್ಗುಲಿಗೆ ನಿಂತಿದ್ದರು.

ಕುಬೇರನ ಉಸಿರು ಆಗ ಎದೆಯಿಂದ ಗಂಟಲಿಗೆ ಬಂದಿತ್ತು. ನಾನು ಬಾಗಿಲ ಎರಡೂ ಕದ ತೆರೆದೆ. ಮಂಚದ ಒಂದು ಬದಿಯ ಹಗ್ಗ ಬಿಚ್ಚಿ, ತಿರುವಿ, ಅವನ ಮುಖ ಹೊರಕ್ಕೆ ಬರುವ ಹಾಗೆ ಕಟ್ಟಿದೆ. ತಲೆಗೆ ಎರಡು ದಿಂಬು ಕೊಟ್ಟೆ. ಓಣಿ ನೆಟ್ಟಗಿತ್ತು. ಆ ದಿನ ಎಳೆ ಹಾಸಿರಲಿಲ್ಲ, ನಡುವೆ ಏನೂ ಅಡ್ಡ ಇರಲಿಲ್ಲ. ಆ ತುದಿಯಲ್ಲಿ ಅವಳು ಬಿಸಿಲಿಗೆ ನಿಂತು ಕೈ ಎತ್ತಿದಳು. ನನಗೆ ಅವಳ ಸೀರೆಯ ಬಣ್ಣ ಕಂಡಿತು, ಮುಖ ಕಾಣಲಿಲ್ಲ. ಅವನ ಕಣ್ಣಿಗೆ ಏನು ಕಂಡಿತೋ ಹೇಳಲಾರೆ.

ಮಂಚ ಅಲುಗಾಡಿದರೆ ಅವನ ನೋಟ ತಪ್ಪೀತೆಂದು ನಾನು ಎರಡೂ ಕೈಯಿಂದ ಹಿಡಿದು ಕೂತೆ. ಮಿಸುಕಲಿಲ್ಲ. ಅಷ್ಟು ಹೊತ್ತು ಮಿಸುಕದೆ ಕೂತಿದ್ದಕ್ಕೆ ನನ್ನ ಕೊರಳಲ್ಲಿದ್ದ ಬಿಲ್ಲೆ ಕಿರುಚತೊಡಗಿತು. ಕಿರುಚಲಿ ಎಂದು ಬಿಟ್ಟೆ. ಆ ಸದ್ದಿನಲ್ಲೇ ಅವನು "ಸು" ಎಂದ. ಆಮೇಲೆ ಎದೆಯ ಗೊರ್ ಗೊರ್ ನಿಂತಿತು.

ಹೊರಲು ನಾಲ್ವರು ಬೇಕು. ಮಣ್ಣಿಗೆ ಬರುವವರ ಭೇಟಿಯನ್ನು ಸತ್ತವರ ಮನೆಯ ಪಾಲಿನಿಂದ ಹಿಡಿಯುತ್ತಾರೆ. ನಮ್ಮ ಮನೆಯ ಪಾಲಿನಲ್ಲಿ ಏನೂ ಉಳಿದಿರಲಿಲ್ಲ. ಕೇಂದ್ರದಿಂದ ಮುಸುಕು ಹಾಕಿದ ಇಬ್ಬರು ತಳ್ಳುಗಾಡಿ ತಂದರು. ಓಣಿಯ ಕದಗಳು ಮುಚ್ಚಿದ್ದವು, ಕಿಟಕಿಗಳಲ್ಲಿ ಕಣ್ಣಿದ್ದವು. ಹಗ್ಗದ ಹತ್ತಿರ ಗಾಡಿ ನಿಲ್ಲಿಸಿ ಎಂದು ಸುಗಲಾ ಕಾಲಿಗೆ ಬಿದ್ದಳು. ನಿಲ್ಲಿಸಲಿಲ್ಲ. ಅವಳು ಗಾಡಿಯ ಹಿಂದೆ ದೂರದಿಂದ ಓಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಶುಕ್ರವಾರ, ಉಂಕಿ ಹಾಸುವ ಹೊತ್ತಿಗೆ, ಲಾರಿ ಬಂತು. ಮೇಧಾ ಕಟ್ಟಿಯೂ ಬಂದಳು, ಸಾಹೇಬರೂ ಬಂದರು. ಗೂರುಜ್ವರದಲ್ಲಿ ಸತ್ತವನ ಹತ್ತಿರ ಕೂತವರನ್ನೆಲ್ಲ ಗುಡ್ಡದ ಮೇಲಿನ ಶೆಡ್ಡಿಗೆ ಒಯ್ಯಬೇಕೆಂಬುದು ನಿಯಮ. ಶೆಡ್ಡಿನಲ್ಲಿ ರೋಗಿಗಳೂ ಅಲ್ಲೇ, ರೋಗ ಬರಬಹುದಾದವರೂ ಅಲ್ಲೇ, ನಡುವೆ ಒಂದು ತಗಡು. ಅಲ್ಲಿಂದ ಜೀವಂತ ತಿರುಗಿ ಬಂದವರನ್ನು ನಮ್ಮ ಓಣಿಯವರು ಬೆರಳು ಮಡಿಸಿ ಎಣಿಸುತ್ತಿದ್ದರು. ಸಾಹೇಬರು ಹೆಸರು ಕೂಗತೊಡಗಿದರು. ಮೊದಲು ನನ್ನದು. ನಾನು ಗಂಟು ಕಟ್ಟಿಕೊಂಡೇ ಕೂತಿದ್ದೆ. ಹೋಗಿ ಲಾರಿ ಹತ್ತಿದೆ. ಆಮೇಲೆ ಪರಸಪ್ಪ. ಆಮೇಲೆ ಕಸ್ತೂರೆವ್ವ. ಆಮೇಲೆ ಉಳಿದವರು.

"ನಾವ್ಯಾಕ್ರಿ?" ಎಂದ ಪರಸಪ್ಪ.

"ದಿನಾ ಅವನ ಹಂತ್ಯಾಕ ಕುಂತಿದ್ರಂತಲ್ಲಾ. ನಿಮ್ಮ ಮಾತು ಯಂತ್ರದಾಗ ಐತಿ," ಎಂದರು ಸಾಹೇಬರು.

"ಇಲ್ರಿ, ಅದು ಹಂಗಲ್ಲ. ಬಿಲ್ಲೆ ಅಷ್ಟ ಕಟ್ಟಿ ಹೋಗತಿದ್ವಿ," ಎಂದಳು ಕಸ್ತೂರೆವ್ವ. ಅವಳ ದನಿಯಲ್ಲಿ ಮೊದಲ ಸಲ ಸೊಕ್ಕಿರಲಿಲ್ಲ. "ಮಗ್ಗಕ್ಕ ಮೊಹರು ಹಾಕ್ರಿ ಬೇಕಾದ್ರ. ಅಂವನ ಮಾರೀನೂ ನೋಡಿಲ್ರಿ ನಾವು."

"ಅವತ್ತ ಒಂದು, ಇವತ್ತ ಒಂದು ಅಂದ್ರ?" ಎಂದರು ಸಾಹೇಬರು. "ಮನಿಯವರು ಹೇಳಲಿ. ನೀವಲ್ಲಿ ಇರಲಿಲ್ಲ ಅಂತ ನೀಲವ್ವ ಹೇಳಿದ್ರ ಬಿಡತೀನಿ."

ಎಲ್ಲರೂ ಲಾರಿಯ ಕಡೆ ತಿರುಗಿದರು. ಮೇಧಾ ಯಂತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಆ ಚುಕ್ಕೆಗಳನ್ನು ಅವಳೂ ನೋಡಿದ್ದಳು, ಆ ಬಾಯನ್ನೂ ನೋಡಿದ್ದಳು. ಕಣ್ಣಲ್ಲೇ ಕೇಳಿಕೊಂಡಳು. ನಾನು ಅವಳ ಕಣ್ಣನ್ನು ನೋಡಿದೆ, ಅವಳ ಹಿಂದೆ ನಿಂತಿದ್ದ ಓಣಿಯನ್ನು ನೋಡಿದೆ.

"ಯಕ್ಕಾ," ಎಂದಳು ಕಸ್ತೂರೆವ್ವ. "ನಿನ್ನ ಕಾಲಿಗೆ ಬೀಳತೀನಿ. ಖರೇ ಹೇಳು."

"ಇದ್ರು," ಎಂದೆ. "ಎಲ್ಲಾರೂ ಅಲ್ಲೇ ಕುಂತಿದ್ರು. ಸಾವಕಾರ ಮಂಚ ತೂಗತಿದ್ದ. ಕಸ್ತೂರಿ ತನ್ನ ಕೈಯಾರೆ ಗಂಜಿ ಕುಡಸತಿದ್ಳು. ನನ್ನ ತಮ್ಮ ಒಂದಿನಾನೂ ಒಬ್ಬಂವ ಇರಲಿಲ್ಲ."

ಯಂತ್ರ ಅದನ್ನೂ ಹಿಡಿದುಕೊಂಡಿತು.

ಬೈಗುಳ ಬಿದ್ದವು, ಅಳು ಬಿತ್ತು, ಮಣ್ಣು ತೂರಿದರು. ಒಬ್ಬೊಬ್ಬರನ್ನೇ ಹತ್ತಿಸಿದರು. ಕಸ್ತೂರೆವ್ವ ನನ್ನ ಮಗ್ಗುಲಿಗೇ ಬಂದು ಬಿದ್ದಳು. ಬೇರೆ ಜಾಗ ಇರಲಿಲ್ಲ. ಲಾರಿ ಗುಡ್ಡದ ರಸ್ತೆ ಹತ್ತುವಾಗ ಎಲ್ಲರೂ ಒಟ್ಟಿಗೆ ಆ ಕಡೆ ವಾಲಿದೆವು, ಒಟ್ಟಿಗೆ ಈ ಕಡೆ ವಾಲಿದೆವು. ಕೊರಳಲ್ಲಿದ್ದ ಬಿಲ್ಲೆಗಳು ಒಂದಕ್ಕೊಂದು ಬಡಿಯುತ್ತಿದ್ದವು. ಟಾಕೀಸಿನ ಪರದೆಯ ಮೇಲೆ ಆಗ ಏನು ಕಂಡಿರಬೇಕೆಂದು ನನಗೆ ಗೊತ್ತಿತ್ತು.

ಕುಬೇರಪ್ಪ ಹೋದದ್ದು ಬುಧವಾರ. ಸುಗಲಾ ಅವನ ಮಣ್ಣಿನ ಮೇಲೆ ನೀರು ಹಾಕಿ ಗುರುವಾರ ತಿರುಗಿ ಹೋದಳು. ಉಂಕಿ ಓಣಿಯಿಂದ ನಾನು, ಕಸ್ತೂರೆವ್ವ, ಪರಸಪ್ಪ ಸಾವಕಾರ ಮತ್ತು ಉಳಿದವರು ಹೋದದ್ದು ಶುಕ್ರವಾರ.